ಪೂರೈಕೆದಾರರ ಪಟ್ಟಿಗಳನ್ನು ಹದಗೊಳಿಸಿ ರಾಸಾಯನಿಕಗಳ ಬದಲಿ ಹುಡುಕಿದ್ದು

ಖರೀದಿ ವಿಭಾಗದಿಂದ ಪ್ರಯೋಗಾಲಯಕ್ಕೆ ಬರುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ: ನೀವು ಕೇಳಿದ ವಸ್ತು ಈ ಪೂರೈಕೆದಾರರಲ್ಲಿ ಮುಗಿದಿದೆ, ಬೇರೆಯವರ ಪಟ್ಟಿಯಿಂದ ಯಾವುದನ್ನು ತರಿಸಲಿ? ಪಟ್ಟಿಗಳನ್ನು ತೆರೆದರೆ ಒಂದರಲ್ಲಿ ‘ಕಾಸ್ಟಿಕ್ ಸೋಡಾ ಫ್ಲೇಕ್ಸ್’ ಎಂದಿರುತ್ತದೆ, ಇನ್ನೊಂದರಲ್ಲಿ ‘ಸೋಡಿಯಂ ಹೈಡ್ರಾಕ್ಸೈಡ್ ಪೆಲೆಟ್ಸ್, ಕನಿಷ್ಠ 97%’ ಎಂದಿರುತ್ತದೆ, ಮೂರನೆಯದರಲ್ಲಿ 1310-73-2 ಎಂಬ ಸಿಎಎಸ್ ಸಂಖ್ಯೆ (ಪ್ರತಿ ವಸ್ತುವಿಗೂ ಕೊಡುವ ನೋಂದಣಿ ಸಂಖ್ಯೆ) ಬಿಟ್ಟರೆ ಬೇರೇನೂ ಇಲ್ಲ. ಮೂರೂ ಒಂದೇ ವಸ್ತು ಎಂಬುದು ರಸಾಯನಶಾಸ್ತ್ರ ಓದಿದವರಿಗೆ ನೋಡಿದೊಡನೆ ತಿಳಿಯುತ್ತದೆ. ಹುಡುಕುವ ತಂತ್ರಾಂಶಕ್ಕೆ ತಿಳಿಯುವುದಿಲ್ಲ. ಆ ತಿಳಿವಳಿಕೆಯನ್ನು ಸಾಲುಸಾಲಾಗಿ ತಂತ್ರಾಂಶದೊಳಗೆ ಇಳಿಸಿದ ಕೆಲಸದ ದಾಖಲೆ ಇದು.

ಬಳಸಿದ ಸಲಕರಣೆಗಳಲ್ಲಿ ವಿಶೇಷವೇನೂ ಇಲ್ಲ: ಪೈಥಾನ್ ಭಾಷೆ, ಕೋಷ್ಟಕಗಳನ್ನು ನಿಭಾಯಿಸಲು ಪಾಂಡಾಸ್, ದತ್ತಾಂಶ ಇಡಲು ಒಂದು ಎಸ್‌ಕ್ಯೂಲೈಟ್ ಕಡತ, ಅಣುರಚನೆಗಳನ್ನು ಓದಲು ಆರ್‌ಡಿಕಿಟ್. ಎಲ್ಲವೂ ಉಚಿತವಾಗಿ ಸಿಗುತ್ತವೆ. ಕಷ್ಟವಿದ್ದದ್ದು ಪಟ್ಟಿಯ ಸಾಲನ್ನು ಬಿಡಿಸುವುದರಲ್ಲಿ. ಒಂದು ಸಾಲಿನಲ್ಲಿ ನಾಲ್ಕು ಸಂಗತಿಗಳು ಕಲಸಿಹೋಗಿರುತ್ತವೆ: ವಸ್ತು ಯಾವುದು, ಯಾವ ರೂಪದಲ್ಲಿದೆ, ಎಷ್ಟು ಶುದ್ಧ, ಎಷ್ಟು ದೊಡ್ಡ ಪ್ಯಾಕ್. ಇವನ್ನು ಬೇರೆ ಬೇರೆ ಅಂಕಣಗಳಿಗೆ ಹಾಕುವವರೆಗೆ ‘ಬದಲಿ’ ಎಂಬ ಮಾತಿಗೆ ಅರ್ಥವೇ ಇರುವುದಿಲ್ಲ. ಡಬ್ಬಿ ಚಿಕ್ಕದಾದರೆ ಎರಡು ತರಿಸಬಹುದು. ರೂಪ ಬೇರೆಯಾದರೆ ತೂಕದ ಲೆಕ್ಕ ಬದಲಿಸಬೇಕು. ವಸ್ತುವೇ ಬೇರೆಯಾದರೆ ಪರೀಕ್ಷೆ ಮಾಡದೆ ಮುಟ್ಟುವಂತಿಲ್ಲ. ಈ ಮೂರೂ ಒಂದೇ ಹೆಸರಿನಡಿ ಬಂದರೆ ಖರೀದಿಯವರು ಸಹಜವಾಗಿ ಅಗ್ಗದ್ದನ್ನು ಆರಿಸುತ್ತಾರೆ.

ಕಚ್ಚಾ ಸಾಲು ಮತ್ತು ಅಕ್ಷರಗಳ ಕಾಟ

ಮೊದಲು ಮಾಡಿದ ಕೆಲಸ: ಪ್ರತಿ ಪೂರೈಕೆದಾರರ ಕಡತ ಬಂದ ಹಾಗೆಯೇ ಒಂದು ಕೋಷ್ಟಕಕ್ಕೆ ಹೋಗುತ್ತದೆ, ಕಡತದ ಹೆಸರು, ದಿನಾಂಕ, ಸಾಲಿನ ಸಂಖ್ಯೆಯ ಸಮೇತ. ಅಲ್ಲಿ ಒಂದಕ್ಷರವನ್ನೂ ತಿದ್ದುವುದಿಲ್ಲ. ತಿದ್ದುಪಡಿಯೆಲ್ಲ ಅದರಿಂದ ಹುಟ್ಟುವ ಎರಡನೆಯ ಕೋಷ್ಟಕದಲ್ಲಿ. ಯಾರಾದರೂ ‘ಈ ಅಂಕೆ ಎಲ್ಲಿಂದ ಬಂತು?’ ಎಂದು ಕೇಳಿದಾಗ ಮೂಲ ಸಾಲನ್ನು ತೋರಿಸಲು ಆಗದಿದ್ದರೆ ಇಡೀ ವ್ಯವಸ್ಥೆಯ ಮೇಲಿನ ನಂಬಿಕೆ ಹೋಗುತ್ತದೆ.

ಅಕ್ಷರಗಳನ್ನು ಹದಗೊಳಿಸಲು, ಒಂದೇ ಅಕ್ಷರದ ಬೇರೆ ಬೇರೆ ರೂಪಗಳನ್ನು ಒಂದಾಗಿಸುವ ಯೂನಿಕೋಡ್‌ನ ಎನ್‌ಎಫ್‌ಕೆಸಿ ವಿಧಾನ ಬಳಸಿದೆ. ಅಡಿಬರಹದ ಸಣ್ಣ ಅಂಕೆಗಳು ಅದರಿಂದ ಸಾಮಾನ್ಯ ಅಂಕೆಗಳಾಗುತ್ತವೆ. ‘ಮೈಕ್ರೋ’ ಎಂಬ ಚಿಹ್ನೆಗೆ ಯೂನಿಕೋಡ್‌ನಲ್ಲಿ ಎರಡು ಸ್ಥಾನಗಳಿವೆ, ಅವೂ ಒಂದಾಗುತ್ತವೆ. ಆದರೆ ಕಿರುಗೆರೆಗಳ ವಿಷಯದಲ್ಲಿ ಇದನ್ನೇ ನೆಚ್ಚಿಕೊಳ್ಳುವಂತಿಲ್ಲ. ಮುದ್ರಣದಲ್ಲಿ ಬಳಸುವ ಉದ್ದನೆಯ ಗೆರೆಯನ್ನು ಎನ್‌ಎಫ್‌ಕೆಸಿ ಹಾಗೆಯೇ ಬಿಡುತ್ತದೆ. ಸಾಲು ಮುರಿಯದ ಹೈಫನ್ ಇನ್ನೊಂದು ಬಗೆಯ ಹೈಫನ್ ಆಗುತ್ತದೆಯೇ ಹೊರತು ಕೀಲಿಮಣೆಯಲ್ಲಿರುವ ಹೈಫನ್ ಆಗುವುದಿಲ್ಲ. ಕಣ್ಣಿಗೆ ಎಲ್ಲವೂ ಒಂದೇ. ಹೋಲಿಸಿದರೆ ಒಂದೂ ಹೊಂದುವುದಿಲ್ಲ. ಆದ್ದರಿಂದ ಗೆರೆಯಂತೆ ಕಾಣುವ ಚಿಹ್ನೆಗಳ ಪಟ್ಟಿ ಮಾಡಿ, ಸಂಖ್ಯೆಯ ಅಂಕಣಗಳಲ್ಲಿ ಎಲ್ಲವನ್ನೂ ಒಂದೇ ಹೈಫನ್‌ಗೆ ಇಳಿಸಿದೆ. ಗ್ರೀಕ್ ಅಕ್ಷರಗಳನ್ನು ‘ಆಲ್ಫಾ’, ‘ಬೀಟಾ’ ಎಂದು ಬಿಡಿಸಿ ಬರೆಯಿಸಿದೆ. ಗಂಧಕದ ಇಂಗ್ಲಿಷ್ ಹೆಸರಿನ ಎರಡು ಕಾಗುಣಿತಗಳಲ್ಲಿ ಒಂದನ್ನು ಆರಿಸಿಕೊಂಡೆ.

ಸ್ಪ್ರೆಡ್‌ಶೀಟ್‌ನ ಹಾವಳಿ ಬೇರೆಯೇ. ಪಲ್ಲೇಡಿಯಂನ ಸಿಎಎಸ್ ಸಂಖ್ಯೆ 7440-05-3. ಇದನ್ನು ಸ್ಪ್ರೆಡ್‌ಶೀಟ್ 7440ನೇ ಇಸವಿಯ ಮೇ 3 ಎಂದು ಓದಿಕೊಂಡು, ಕಡತ ಉಳಿಸುವಾಗ ದಿನಾಂಕವಾಗಿ ಬರೆದುಬಿಡುತ್ತದೆ. ಕಡತ ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾದಾ ಪಠ್ಯ) ಆಗಿದ್ದರೆ ಎಲ್ಲ ಅಂಕಣಗಳನ್ನೂ ಪಠ್ಯವಾಗಿಯೇ ಓದಿಸಬೇಕು, ಅಂಕೆಗಳಾಗಿ ಮಾಡುವುದು ಆಮೇಲೆ. ಪೂರೈಕೆದಾರರ ಕಡೆಯಲ್ಲೇ ದಿನಾಂಕವಾಗಿ ಹೋಗಿದ್ದರೆ, ಸಂಖ್ಯೆಯ ಅಂಕಣದಲ್ಲಿ ದಿನಾಂಕ ಕಂಡಲ್ಲಿ ವರ್ಷ, ತಿಂಗಳು, ದಿನವನ್ನು ಮತ್ತೆ ಜೋಡಿಸಿ ನೋಡುತ್ತೇನೆ. ಮುಂದೆ ಹೇಳುವ ತಾಳೆ ಲೆಕ್ಕ ಸರಿಬಂದರೆ ಮಾತ್ರ ‘ಪುನಾರಚಿತ’ ಎಂಬ ಗುರುತಿನೊಂದಿಗೆ ಉಳಿಸುತ್ತೇನೆ.

ಸಿಎಎಸ್ ಸಂಖ್ಯೆ ಎಷ್ಟು ಹೇಳುತ್ತದೆ

ಅಮೆರಿಕನ್ ಕೆಮಿಕಲ್ ಸೊಸೈಟಿಯ ಸಿಎಎಸ್ ವಿಭಾಗ 1965ರಿಂದ ಪ್ರತಿ ವಸ್ತುವಿಗೆ ಒಂದು ನೋಂದಣಿ ಸಂಖ್ಯೆ ಕೊಡುತ್ತ ಬಂದಿದೆ. ಮೂರು ತುಂಡುಗಳ ಸಂಖ್ಯೆ. ಕೊನೆಯ ಒಂಟಿ ಅಂಕೆ ತಾಳೆ ನೋಡಲು ಇರುವುದು. ಅದನ್ನು ಬಿಟ್ಟು ಉಳಿದ ಅಂಕೆಗಳನ್ನು ಬಲದಿಂದ ಎಡಕ್ಕೆ 1, 2, 3 ಎಂದು ಗುಣಿಸುತ್ತ ಕೂಡಬೇಕು. ಮೊತ್ತದ ಕೊನೆಯ ಅಂಕೆ ತಾಳೆ ಅಂಕೆಗೆ ಸಮವಾಗಬೇಕು. ಅಸಿಟೋನ್ 67-64-1: 4ರ ಒಂದರಷ್ಟು 4, 6ರ ಎರಡರಷ್ಟು 12, 7ರ ಮೂರರಷ್ಟು 21, 6ರ ನಾಲ್ಕರಷ್ಟು 24. ಒಟ್ಟು 61, ಕೊನೆಯ ಅಂಕೆ 1. ಸರಿ.

ತಾಳೆ ಅಂಕೆಯನ್ನು ಬಿಟ್ಟು ಉಳಿದವುಗಳಲ್ಲಿ ಪಕ್ಕಪಕ್ಕದ ಎರಡು ಅಂಕೆಗಳು ಅದಲುಬದಲಾದರೆ ಈ ಲೆಕ್ಕ ತಪ್ಪದೆ ಹಿಡಿಯುತ್ತದೆ, ಏಕೆಂದರೆ ಮೊತ್ತದಲ್ಲಿ ಆಗುವ ವ್ಯತ್ಯಾಸ ಆ ಎರಡು ಅಂಕೆಗಳ ನಡುವಿನ ವ್ಯತ್ಯಾಸದಷ್ಟೇ, ಅದು 10ಕ್ಕಿಂತ ಚಿಕ್ಕದು. ಆದರೆ ಒಂದು ಅಂಕೆಯೇ ತಪ್ಪಾಗಿ ಬಿದ್ದಿದ್ದರೆ ಪ್ರತಿ ಸಲವೂ ಸಿಕ್ಕಿಬೀಳುವುದಿಲ್ಲ. ಐದನೆಯ ಸ್ಥಾನದಲ್ಲಿ ಗುಣಕ 5 ಆಗಿರುವುದರಿಂದ ಅಲ್ಲಿ 2ರಷ್ಟು ಹೆಚ್ಚಿದರೆ ಮೊತ್ತ ಸರಿಯಾಗಿ 10 ಹೆಚ್ಚುತ್ತದೆ, ಕೊನೆಯ ಅಂಕೆ ಕದಲುವುದಿಲ್ಲ. ಟೊಲ್ವೀನ್‌ನ 108-88-3 ಬದಲು 308-88-3 ಎಂದು ಬರೆದರೂ ತಾಳೆಯಾಗುತ್ತದೆ. ಹಾಗಾಗಿ ‘ತಾಳೆಯಾಯಿತು’ ಎಂಬುದನ್ನು ‘ಸರಿಯಾಗಿದೆ’ ಎಂದು ಓದಬಾರದು. ನನ್ನ ಕೋಷ್ಟಕದಲ್ಲಿ ಇವೆರಡಕ್ಕೂ ಪ್ರತ್ಯೇಕ ಅಂಕಣಗಳಿವೆ. ಎರಡನೆಯದು ತುಂಬಬೇಕಾದರೆ ಸಂಖ್ಯೆಯಿಂದ ಸಿಕ್ಕ ರಚನೆಯೂ ಹೆಸರಿನಿಂದ ಸಿಕ್ಕ ರಚನೆಯೂ ಒಂದೇ ಆಗಿರಬೇಕು. ಹೆಸರಿನಿಂದ ರಚನೆ ಹುಡುಕಲು ಪಬ್‌ಕೆಮ್ ಎಂಬ ಉಚಿತ ದತ್ತಸಂಚಯ, ಸಂಖ್ಯೆಯಿಂದ ಹುಡುಕಲು ಸಿಎಎಸ್‌ನವರೇ ಉಚಿತವಾಗಿ ತೆರೆದಿಟ್ಟಿರುವ ಕಾಮನ್ ಕೆಮಿಸ್ಟ್ರಿ. ಎರಡೂ ಒಂದೇ ಕಡೆಯಿಂದ ಬಂದರೆ ಅಡ್ಡಪರಿಶೀಲನೆ ಎನ್ನಲಾಗದು.

ಸಿಎಎಸ್ ಅಂಕಣದಲ್ಲಿ ಯುರೋಪಿಯನ್ ಒಕ್ಕೂಟ ವಸ್ತುಗಳಿಗೆ ಕೊಡುವ ಇಸಿ ಸಂಖ್ಯೆ ಬಂದು ಕೂತಿರುವುದೂ ಉಂಟು. ಅಸಿಟೋನ್‌ನ ಇಸಿ ಸಂಖ್ಯೆ 200-662-2. ನಡುವಿನ ತುಂಡಿನಲ್ಲಿ ಮೂರು ಅಂಕೆ ಇದ್ದರೆ ಅದು ಇಸಿ. ಸಿಎಎಸ್‌ನಲ್ಲಿ ನಡುವೆ ಯಾವಾಗಲೂ ಎರಡೇ. ಸರಿಯಾದ ಅಂಕಣಕ್ಕೆ ಸಾಗಿಸಿದರೆ ಮುಗಿಯಿತು.

ಹೆಸರುಗಳನ್ನು ಹೋಲಿಕೆಯಿಂದ ಜೋಡಿಸಬೇಡಿ

ಸಂಖ್ಯೆಯಿಲ್ಲದ ಸಾಲುಗಳಿಗೆ ಏನು ಮಾಡುವುದು? ದತ್ತಾಂಶದ ಕೆಲಸ ಮಾಡುವವರು ಥಟ್ಟನೆ ಹೇಳುವ ಉತ್ತರ: ಹೆಸರುಗಳ ನಡುವಿನ ಹೋಲಿಕೆಯನ್ನು ಶೇಕಡಾ ಲೆಕ್ಕದಲ್ಲಿ ಅಳೆಯಿರಿ, 90 ದಾಟಿದರೆ ಒಂದೇ ಎಂದುಕೊಳ್ಳಿ. ಊರಿನ ಹೆಸರು, ಗ್ರಾಹಕರ ಹೆಸರು ಇಂಥದ್ದಕ್ಕೆ ಇದು ನಡೆಯುತ್ತದೆ. ರಾಸಾಯನಿಕಗಳಿಗೆ ಇದರಷ್ಟು ಅಪಾಯಕಾರಿ ಉಪಾಯ ಇನ್ನೊಂದಿಲ್ಲ. ರೋಮನ್ ಲಿಪಿಯಲ್ಲಿ ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ನೈಟ್ರೇಟ್ ಹೆಸರುಗಳು ನಡುವಿನ ಖಾಲಿ ಜಾಗ ಸೇರಿ 14 ಸ್ಥಾನಗಳವು, ಅವುಗಳಲ್ಲಿ 13 ಹೊಂದುತ್ತವೆ. ಹೋಲಿಕೆ ಸುಮಾರು ಶೇ 93. ಸಲ್ಫೈಟ್, ಸಲ್ಫೇಟ್, ಸಲ್ಫೈಡ್ ಮೂರರ ಕತೆಯೂ ಹೀಗೆಯೇ. ಸೋಡಿಯಂ ಸಲ್ಫೈಡ್‌ಗೆ ಆಮ್ಲ ತಗುಲಿದರೆ ವಿಷಕಾರಿ ಹೈಡ್ರೋಜನ್ ಸಲ್ಫೈಡ್ ಅನಿಲ ಹೊರಡುತ್ತದೆ. ಸಲ್ಫೇಟ್‌ಗೆ ತಗುಲಿದರೆ ಅಂಥದ್ದೇನೂ ಆಗುವುದಿಲ್ಲ. ಇನ್ನೊಂದು ಕಡೆ, ನಿಜವಾಗಿ ಒಂದೇ ಆಗಿರುವ ‘ಕಾಸ್ಟಿಕ್ ಸೋಡಾ’ ಮತ್ತು ‘ಸೋಡಿಯಂ ಹೈಡ್ರಾಕ್ಸೈಡ್’ ಈ ಅಳತೆಯಲ್ಲಿ ತೀರ ಅಪರಿಚಿತರು. ಬೇಕಾದದ್ದನ್ನು ದೂರ ತಳ್ಳಿ ಬೇಡವಾದದ್ದನ್ನು ಹತ್ತಿರ ಕರೆಯುವ ಅಳತೆ ಯಾಕೆ ಬೇಕು?

ಸಂಕ್ಷಿಪ್ತ ಹೆಸರುಗಳು ಇದಕ್ಕಿಂತ ಕೆಟ್ಟವು. ‘ಟಿಇಎ’ ಎಂದರೆ ಒಬ್ಬರಿಗೆ ಟ್ರೈಈಥೈಲಮೀನ್, 121-44-8, 89 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ, ಸುಲಭವಾಗಿ ಹೊತ್ತಿಕೊಳ್ಳುವ ದ್ರವ. ಇನ್ನೊಬ್ಬರಿಗೆ ಟ್ರೈಎಥನಾಲಮೀನ್, 102-71-6, ಮಂದವಾದ, ಸುಲಭಕ್ಕೆ ಆವಿಯಾಗದ ದ್ರವ. ‘ಪಿವಿಎ’ ಪಾಲಿವಿನೈಲ್ ಆಲ್ಕೊಹಾಲ್ ಆಗಿರಬಹುದು, ಪಾಲಿವಿನೈಲ್ ಅಸಿಟೇಟ್ ಆಗಿರಬಹುದು. ಮೊದಲನೆಯದು ನೀರಿನಲ್ಲಿ ಕರಗುತ್ತದೆ, ಎರಡನೆಯದು ಕರಗುವುದಿಲ್ಲ.

ಕೊನೆಗೆ ಇಟ್ಟುಕೊಂಡ ಏರ್ಪಾಡು ಹೀಗಿದೆ. ಸಮಾನ ಹೆಸರುಗಳ ಒಂದು ನಿಘಂಟು. ಅದರಲ್ಲಿ ಅಕ್ಷರಶಃ ಹೊಂದಿದರೆ ಮಾತ್ರ ಜೋಡಣೆ. ನಾಲ್ಕಕ್ಕಿಂತ ಕಡಿಮೆ ಅಕ್ಷರಗಳ ಸಂಕ್ಷಿಪ್ತ ಹೆಸರು ಒಂಟಿಯಾಗಿ ಬಂದರೆ ಎಂದೂ ತಾನಾಗಿ ಜೋಡಣೆಯಾಗುವುದಿಲ್ಲ. ‘ಬೆಂಜೀನ್, ಮೀಥೈಲ್-’ ಎಂಬಂಥ ಸೂಚಿ ಹೆಸರುಗಳನ್ನು ಅಲ್ಪವಿರಾಮದ ಬಳಿ ತಿರುಗಿಸಿ ‘ಮೀಥೈಲ್ ಬೆಂಜೀನ್’ ಮಾಡಿದ ಮೇಲೆಯೇ ನಿಘಂಟಿಗೆ ಕಳುಹಿಸುವುದು. ಆಗ ಅದು ಟೊಲ್ವೀನ್ ಎಂದು ಗೊತ್ತಾಗುತ್ತದೆ. ಹೋಲಿಕೆಯ ಅಳತೆಗೂ ಒಂದು ಮೂಲೆ ಕೊಟ್ಟಿದ್ದೇನೆ: ಉಳಿದ ಸಾಲುಗಳನ್ನು ನೋಡಲು ಕೂತವರಿಗೆ ‘ಇದಿರಬಹುದೇ?’ ಎಂದು ಕೇಳುವುದಷ್ಟೇ ಅದರ ಕೆಲಸ.

ರೂಪ ಎಂಬ ಅಂಕಣ

ಈ ಯೋಜನೆಯಲ್ಲಿ ಹೆಚ್ಚು ಸಮಯ ತಿಂದದ್ದೂ ಹೆಚ್ಚು ಉಪಯೋಗಕ್ಕೆ ಬಂದದ್ದೂ ಇದೇ. ತಾಮ್ರದ ಸಲ್ಫೇಟ್ ತೆಗೆದುಕೊಳ್ಳೋಣ. ನಿರ್ಜಲ ರೂಪ 7758-98-7, ಅಣುತೂಕ 159.61. ಐದು ನೀರಿನ ಅಣುಗಳಿರುವ ನೀಲಿ ಹರಳು 7758-99-8, ಅಣುತೂಕ 249.68. ಮೊದಲನೆಯದರಲ್ಲಿ ತಾಮ್ರ ಶೇ 39.8, ಎರಡನೆಯದರಲ್ಲಿ ಶೇ 25.5. ನೀರಿನ ದ್ರಾವಣ ಮಾಡುವವರಿಗೆ ಎರಡೂ ನಡೆಯುತ್ತದೆ, ಆದರೆ 100 ಗ್ರಾಂ ನಿರ್ಜಲದ ಜಾಗದಲ್ಲಿ 156.4 ಗ್ರಾಂ ಹರಳು ತೂಗಬೇಕು. ದ್ರಾವಕದಿಂದ ನೀರು ಹೀರಲು ಬಳಸುವವರಿಗೆ ಹರಳು ಪ್ರಯೋಜನವಿಲ್ಲ, ಅದು ಆಗಲೇ ನೀರು ಕುಡಿದು ಕೂತಿದೆ. ವಸ್ತು ಬದಲಿಯೋ ಅಲ್ಲವೋ ಎಂಬುದಕ್ಕೆ ಬಳಕೆಯೇ ಉತ್ತರ ಕೊಡುತ್ತದೆ, ಹಾಗಾಗಿ ಹುಡುಕುವವರು ಬಳಕೆಯನ್ನು ಒಂದು ಮಾತಿನಲ್ಲಿ ಹೇಳಲೇಬೇಕೆಂದು ಕಡ್ಡಾಯ ಮಾಡಿದ್ದೇನೆ.

ಲೋಹದ ಅಯಾನುಗಳನ್ನು ಹಿಡಿದಿಡುವ ಇಡಿಟಿಎ ಇನ್ನೂ ತಮಾಷೆಯದು. ಆಮ್ಲ ರೂಪ 60-00-4, ಡೈಸೋಡಿಯಂ 139-33-3, ಅದರ ಡೈಹೈಡ್ರೇಟ್ 6381-92-6, ಟೆಟ್ರಾಸೋಡಿಯಂ 64-02-8. ಪಟ್ಟಿಗಳಲ್ಲಿ ನಾಲ್ಕಕ್ಕೂ ‘ಇಡಿಟಿಎ’ ಎಂದೇ ದಪ್ಪ ಅಕ್ಷರದ ಶೀರ್ಷಿಕೆ. ಆಮ್ಲ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಟೆಟ್ರಾಸೋಡಿಯಂ ಕರಗುತ್ತದೆ, ಆದರೆ ದ್ರಾವಣ ಪ್ರತ್ಯಾಮ್ಲೀಯವಾಗುತ್ತದೆ.

ಇವೆಲ್ಲ ಒಂದೇ ಕುಟುಂಬ ಎಂದು ತಂತ್ರಾಂಶಕ್ಕೆ ತಿಳಿಸಲು ಇಂಚಿಕೀ ಬಳಸಿದೆ. ಇದು ರಚನೆಯಿಂದ ಲೆಕ್ಕಹಾಕಿ ಪಡೆಯುವ 27 ಅಕ್ಷರಗಳ ಗುರುತು. ಮೊದಲ 14 ಅಕ್ಷರಗಳು ಪರಮಾಣುಗಳು ಹೇಗೆ ಜೋಡಣೆಯಾಗಿವೆ ಎಂಬುದನ್ನು ಹಿಡಿದಿಡುತ್ತವೆ, ಮುಂದಿನ ತುಂಡಿನಲ್ಲಿ ಬಲಗೈ-ಎಡಗೈ ವ್ಯತ್ಯಾಸ ಮತ್ತು ಐಸೋಟೋಪ್‌ಗಳ ಮಾಹಿತಿ ಸೇರುತ್ತದೆ. ಆರ್‌ಡಿಕಿಟ್‌ನಲ್ಲಿ ನೀರಿನ ಅಣುಗಳನ್ನೂ ಸೋಡಿಯಂನಂಥ ಅಯಾನುಗಳನ್ನೂ ಕಳಚಿ, ಉಳಿದ ತಾಯಿ ಅಣುವಿನ ಮೊದಲ 14 ಅಕ್ಷರಗಳನ್ನು ‘ಕುಟುಂಬ’ ಅಂಕಣಕ್ಕೆ ಹಾಕಿದೆ. ಅಕಾರ್ಬನಿಕ ಲವಣಗಳಿಗೆ ಈ ಕಳಚುವಿಕೆಯನ್ನು ನೀರಿಗಷ್ಟೇ ಸೀಮಿತಗೊಳಿಸಬೇಕು. ಅಡುಗೆ ಉಪ್ಪಿನಿಂದ ಎರಡೂ ಅಯಾನುಗಳನ್ನು ಕಳಚಿದರೆ ಉಳಿಯುವುದು ಖಾಲಿ ಜಾಗ, ಆಮೇಲೆ ಎಲ್ಲ ಉಪ್ಪುಗಳೂ ಆ ಖಾಲಿ ಕುಟುಂಬದ ಸದಸ್ಯರಾಗುತ್ತವೆ.

ಕುಟುಂಬ ಒಂದೇ ಎಂದರೆ ಬದಲಿ ಎಂದಲ್ಲ. ಕ್ಲೋರೋಫಾರ್ಮ್ 67-66-3 ಮತ್ತು ಅಣುರಚನೆ ತಿಳಿಯುವ ಎನ್‌ಎಂಆರ್ ಅಳತೆಗೆ ಬಳಸುವ ಡ್ಯೂಟೀರಿಯಂ ಕ್ಲೋರೋಫಾರ್ಮ್ 865-49-6 ಮೊದಲ 14 ಅಕ್ಷರಗಳಲ್ಲಿ ತಂತಾನೇ ಹೊಂದುತ್ತವೆ, ಬೆಲೆಯಲ್ಲಿ ಮಾತ್ರ ಅಜಗಜಾಂತರ.

ಕ್ಲೋರೋಫಾರ್ಮ್ ಬಗ್ಗೆ ಇನ್ನೂ ಒಂದು ಮಾತು. ಗಾಳಿ, ಬೆಳಕಿಗೆ ಅದು ಕೆಡದಿರಲಿ ಎಂದು ಸ್ಥಿರಕಾರಿ ಬೆರೆಸಿರುತ್ತಾರೆ: ಒಂದು ಬಾಟಲಿಯಲ್ಲಿ ಶೇ 0.5ರಿಂದ 1ರಷ್ಟು ಎಥನಾಲ್, ಇನ್ನೊಂದರಲ್ಲಿ ಅತ್ಯಲ್ಪ ಪ್ರಮಾಣದ ಅಮೈಲೀನ್. ಸಿಎಎಸ್ ಸಂಖ್ಯೆ ಎರಡಕ್ಕೂ ಒಂದೇ. ಆಸಿಡ್ ಕ್ಲೋರೈಡ್ ಜೊತೆ ಕೆಲಸ ಮಾಡುವವರಿಗೆ ಎಥನಾಲ್ ಇರುವ ಬಾಟಲಿ ಕೈಕೊಡುತ್ತದೆ, ಏಕೆಂದರೆ ಎಥನಾಲ್ ಅದರೊಂದಿಗೆ ವರ್ತಿಸಿ ಎಸ್ಟರ್ ಆಗುತ್ತದೆ. ಟೆಟ್ರಾಹೈಡ್ರೋಫ್ಯೂರಾನ್‌ನಲ್ಲಿ ಪೆರಾಕ್ಸೈಡ್ ಹುಟ್ಟದಂತೆ ಬಿಎಚ್‌ಟಿ ಎಂಬ ಉತ್ಕರ್ಷಣ ನಿರೋಧಕ ಬೆರೆಸುತ್ತಾರೆ. ಬಿಎಚ್‌ಟಿ ಅತಿನೇರಳೆ ಬೆಳಕನ್ನು ಹೀರುವುದರಿಂದ, ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿಯಲ್ಲಿ ಅದೇ ಒಂದು ಶಿಖರವಾಗಿ ಎದ್ದು ನಿಲ್ಲುತ್ತದೆ. ಎಥನಾಲ್‌ನಲ್ಲಿ ಕುಡಿಯಲಾಗದಂತೆ ಬೆರೆಸಿದ ಪದಾರ್ಥಗಳದೂ ಇದೇ ಸಮಸ್ಯೆ. ಆದ್ದರಿಂದ ‘ಜೊತೆಗೆ ಬೆರೆಸಿದ್ದು’ ಎಂಬ ಅಂಕಣ ಮಾಡಿ, ಪಟ್ಟಿಯಲ್ಲಿ ಆ ವಿವರ ಇಲ್ಲದಿದ್ದರೆ ‘ಇಲ್ಲ’ ಎಂದು ಬರೆಯದೆ ‘ಹೇಳಿಲ್ಲ’ ಎಂದು ಬರೆಯಿಸಿದೆ. ಈ ಎರಡು ಪದಗಳ ನಡುವೆ ಒಂದು ಇಡೀ ಬ್ಯಾಚ್ ಹಾಳಾಗುವಷ್ಟು ಅಂತರವಿದೆ.

ಪಾಲಿಮರ್‌ಗಳಲ್ಲಂತೂ ಸಿಎಎಸ್ ಸಂಖ್ಯೆ ಕುಲದ ಹೆಸರಿದ್ದಂತೆ, ವ್ಯಕ್ತಿಯ ಹೆಸರಲ್ಲ. ಪಾಲಿಈಥೈಲೀನ್ ಗ್ಲೈಕಾಲ್ 25322-68-3. ಪಿಇಜಿ 400 ದ್ರವ, ಪಿಇಜಿ 6000 ಗಟ್ಟಿ ಮೇಣದಂಥ ಚೂರು. ಎರಡಕ್ಕೂ ಅದೇ ಸಂಖ್ಯೆ. ಪಾಲಿವಿನೈಲ್ ಆಲ್ಕೊಹಾಲ್ ಆದರೆ ಅಣುತೂಕದ ಜೊತೆ ಜಲವಿಶ್ಲೇಷಣೆ ಎಷ್ಟಾಗಿದೆ ಎಂಬ ಶೇಕಡಾವನ್ನೂ ನೋಡಬೇಕು. ಪಾಲಿಮರ್ ಸಾಲುಗಳಿಗೆ ಸಂಖ್ಯೆಯೊಂದರಿಂದಲೇ ಜೋಡಣೆಯಾಗದಂತೆ ತಡೆ ಹಾಕಿದೆ. ಅಣುತೂಕದ ಅಂಕಣ ಖಾಲಿಯಿದ್ದರೆ ಸಾಲು ಮುಂದಕ್ಕೇ ಹೋಗುವುದಿಲ್ಲ.

ಶೇಕಡಾ ಯಾವುದರ ಶೇಕಡಾ?

ಅಮೋನಿಯಾ ದ್ರಾವಣದ ಒಂದು ಬಾಟಲಿಯ ಮೇಲೆ ಶೇ 28, ಇನ್ನೊಂದರ ಮೇಲೆ ಶೇ 57 ಎಂದಿದ್ದರೆ ಎರಡನೆಯದು ಇಮ್ಮಡಿ ಪ್ರಬಲ ಎಂದುಕೊಳ್ಳುವುದು ಸಹಜ. ಎರಡೂ ಒಂದೇ ದ್ರಾವಣ. ಮೊದಲನೆಯದು ಅಮೋನಿಯಾ ಎಂದು ಎಣಿಸಿದ ಶೇಕಡಾ, ಎರಡನೆಯದು ಅಮೋನಿಯಂ ಹೈಡ್ರಾಕ್ಸೈಡ್ ಎಂದು ಎಣಿಸಿದ್ದು. ಹೈಡ್ರೋಜನ್ ಪೆರಾಕ್ಸೈಡ್ ಅನ್ನು ಕೆಲವರು ಈಗಲೂ ‘ವಾಲ್ಯೂಮ್’ ಲೆಕ್ಕದಲ್ಲಿ ಮಾರುತ್ತಾರೆ. 100 ವಾಲ್ಯೂಮ್ ಎಂದರೆ ಸುಮಾರು ಶೇ 30, 20 ವಾಲ್ಯೂಮ್ ಎಂದರೆ ಸುಮಾರು ಶೇ 6. ಹೈಡ್ರೋಕ್ಲೋರಿಕ್ ಆಮ್ಲ ಒಬ್ಬರಲ್ಲಿ ಶೇ 37, ಇನ್ನೊಬ್ಬರಲ್ಲಿ 12 ಮೋಲಾರ್, ಇವೂ ಒಂದೇ. ಎಲ್ಲವನ್ನೂ ‘ತೂಕದಲ್ಲಿ ಸಕ್ರಿಯ ಅಂಶದ ಶೇಕಡಾ’ಕ್ಕೆ ಇಳಿಸಿ, ಯಾವುದನ್ನು ಸಕ್ರಿಯ ಅಂಶ ಎಂದು ಎಣಿಸಿದೆ ಎಂಬುದನ್ನು ಪಕ್ಕದ ಅಂಕಣದಲ್ಲಿ ಬರೆಯಿಸಿದೆ.

ದರ್ಜೆಗಳ ವಿಷಯದಲ್ಲಿ ಮೆಟ್ಟಿಲು ಕಟ್ಟುವ ಆಸೆ ಎಲ್ಲರಿಗೂ ಬರುತ್ತದೆ: ಕೆಳಗೆ ತಾಂತ್ರಿಕ ದರ್ಜೆ, ಮೇಲೆ ವಿಶ್ಲೇಷಣಾ ದರ್ಜೆ, ಅದರ ಮೇಲೆ ಎಚ್‌ಪಿಎಲ್‌ಸಿ, ಪಕ್ಕದಲ್ಲೆಲ್ಲೋ ಔಷಧಕೋಶದ ದರ್ಜೆ. ಅದು ಮೆಟ್ಟಿಲೇ ಅಲ್ಲ. ಎಚ್‌ಪಿಎಲ್‌ಸಿ ದ್ರಾವಕ ಅತಿನೇರಳೆ ಬೆಳಕನ್ನು ಎಷ್ಟು ಹೀರುತ್ತದೆ ಎಂದು ನೋಡಿರುತ್ತಾರೆ; ಔಷಧಕ್ಕೆ ಬೇಕಾದ ಕಲ್ಮಶ ಪರೀಕ್ಷೆಗಳನ್ನು ಅದಕ್ಕೆ ಮಾಡಿರಲೇಬೇಕೆಂದಿಲ್ಲ. ದರ್ಜೆಯ ಹೆಸರನ್ನು ಸುಮ್ಮನೆ ಉಳಿಸಿಕೊಂಡು, ಅದರ ಹಿಂದಿರುವ ಮಿತಿಗಳನ್ನು ಬಿಡಿಸಿ ಬರೆದೆ: ಕನಿಷ್ಠ ಶುದ್ಧತೆ, ಗರಿಷ್ಠ ನೀರು, ಆವಿಯಾದ ಮೇಲೆ ಉಳಿಯುವ ಶೇಷ, ಕಬ್ಬಿಣ. ಬೇಡಿಕೆಯಲ್ಲಿರುವ ಪ್ರತಿ ಮಿತಿಯನ್ನೂ ಅಭ್ಯರ್ಥಿ ವಸ್ತು ಪೂರೈಸಿದರೆ ಸರಿ. ಶುದ್ಧತೆಯನ್ನು ಹೇಗೆ ಅಳೆದರು ಎಂಬುದೂ ಬೇಕು. ಗ್ಯಾಸ್ ಕ್ರೊಮ್ಯಾಟೋಗ್ರಫಿಯ ಶಿಖರಗಳ ಕ್ಷೇತ್ರದಿಂದ ಬಂದ ಶೇ 99.5ರಲ್ಲಿ, ಜ್ವಾಲೆ ಅಯಾನೀಕರಣದ ಡಿಟೆಕ್ಟರ್ ಬಳಸಿದ್ದರೆ, ನೀರು ಲೆಕ್ಕಕ್ಕೇ ಬರುವುದಿಲ್ಲ. ಆ ಡಿಟೆಕ್ಟರ್‌ಗೆ ನೀರು ಕಾಣುವುದಿಲ್ಲ.

ಪ್ಯಾಕ್ ಗಾತ್ರ ಬೇಸರದ ಕೆಲಸ, ಬೇಗ ಮುಗಿಸುತ್ತೇನೆ. ‘6×2.5 ಲೀ’, ‘2,5 ಲೀ’, ‘1.000 ಗ್ರಾಂ’ ಎಲ್ಲ ಬರುತ್ತವೆ. ದಶಮಾಂಶಕ್ಕೆ ಅಲ್ಪವಿರಾಮ ಬಳಸುತ್ತಾರೋ ಚುಕ್ಕಿಯೋ ಎಂಬುದನ್ನು ಸಾಲು ನೋಡಿ ಊಹಿಸಬಾರದು. ಪೂರೈಕೆದಾರರಿಗೊಂದು ನಿಯಮ ಎಂದು ಒಮ್ಮೆ ಬರೆದಿಟ್ಟರೆ ಸಾಕು. ಗ್ಯಾಲನ್ ಕಂಡರೆ ಅಮೆರಿಕದ್ದೋ ಬ್ರಿಟನ್ನಿನದೋ ಕೇಳಬೇಕು: ಮೊದಲನೆಯದು 3.785 ಲೀಟರ್, ಎರಡನೆಯದು 4.546. ಒಬ್ಬರು ಲೀಟರ್, ಇನ್ನೊಬ್ಬರು ಕಿಲೋಗ್ರಾಂ ಲೆಕ್ಕದಲ್ಲಿ ಮಾರಿದರೆ ಸಾಂದ್ರತೆ ಬೇಕು. 2.5 ಲೀಟರ್ ಪ್ರಬಲ ಸಲ್ಫ್ಯೂರಿಕ್ ಆಮ್ಲ ಸುಮಾರು 4.6 ಕಿಲೋ ತೂಗುತ್ತದೆ. ಕೊನೆಯಲ್ಲಿ ಎಲ್ಲ ಬೆಲೆಗಳನ್ನೂ ‘ಸಕ್ರಿಯ ಅಂಶದ ಕಿಲೋಗೆ ಎಷ್ಟು’ ಎಂದು ತೋರಿಸುತ್ತೇನೆ. ತಾಮ್ರದ ಸಲ್ಫೇಟ್‌ನಲ್ಲಿ ಅಗ್ಗವಾಗಿ ಕಂಡ ಹರಳು ತಾಮ್ರದ ಲೆಕ್ಕದಲ್ಲಿ ಅಗ್ಗವಾಗಿರುತ್ತದೆ ಎಂದೇನಿಲ್ಲ.

ವಸ್ತುವೇ ಬೇರೆಯಾದಾಗ

ಇಲ್ಲಿಯವರೆಗಿನದು ಒಂದೇ ವಸ್ತುವನ್ನು ಗುರುತಿಸುವ ಕೆಲಸ. ಬೇರೆ ವಸ್ತು ಅದೇ ಕೆಲಸ ಮಾಡಬಲ್ಲದೇ ಎಂಬುದು ಇನ್ನೊಂದು ಕಸುಬು. ಇಲ್ಲಿ ತಂತ್ರಾಂಶ ಸೂಚಿಸಬಹುದು, ತೀರ್ಪು ಕೊಡಬಾರದು.

ದ್ರಾವಕಗಳಿಗೆ ಹ್ಯಾನ್ಸನ್ ಕರಗುವಿಕೆಯ ಮಾನಗಳು ಒಳ್ಳೆಯ ಆರಂಭ. ಚಾರ್ಲ್ಸ್ ಹ್ಯಾನ್ಸನ್ 1967ರಲ್ಲಿ ಮುಂದಿಟ್ಟ ಈ ವಿಧಾನದಲ್ಲಿ ಪ್ರತಿ ದ್ರಾವಕಕ್ಕೂ ಮೂರು ಅಂಕೆಗಳು: ಪ್ರಸರಣ ಬಲ, ಧ್ರುವೀಯತೆ, ಹೈಡ್ರೋಜನ್ ಬಂಧ. ಎರಡು ದ್ರಾವಕಗಳ ಅಂತರ ತಿಳಿಯಲು ಪ್ರಸರಣದ ವ್ಯತ್ಯಾಸದ ವರ್ಗವನ್ನು ನಾಲ್ಕರಿಂದ ಗುಣಿಸಿ, ಉಳಿದೆರಡರ ವರ್ಗಗಳನ್ನು ಕೂಡಿ, ವರ್ಗಮೂಲ ತೆಗೆಯಬೇಕು. ಅಸಿಟೋನ್ 15.5, 10.4, 7.0, ಮೀಥೈಲ್ ಈಥೈಲ್ ಕೀಟೋನ್ 16.0, 9.0, 5.1. ಅಂತರ ಸುಮಾರು 2.6, ಹತ್ತಿರದ ನೆಂಟರು. ಟೊಲ್ವೀನ್ 18.0, 1.4, 2.0, ಈಥೈಲ್ ಅಸಿಟೇಟ್ 15.8, 5.3, 7.2. ಅಂತರ 7.8ರ ಆಸುಪಾಸು, ದೂರದವರು. ಟೊಲ್ವೀನ್‌ಗೆ ಜೈಲೀನ್ ಬಹಳ ಹತ್ತಿರ, ಅಂತರ ಒಂದಕ್ಕಿಂತ ಸ್ವಲ್ಪ ಹೆಚ್ಚು. ಆದರೆ ಟೊಲ್ವೀನ್ 111 ಡಿಗ್ರಿಯಲ್ಲಿ ಕುದಿದರೆ ಜೈಲೀನ್ ಮಿಶ್ರಣ 138ರಿಂದ 144 ಡಿಗ್ರಿಯ ನಡುವೆ. ಬಣ್ಣ ಬೇಗ ಒಣಗಬೇಕಾದ ಕಡೆ ಈ ನೆಂಟಸ್ತನ ಉಪಯೋಗಕ್ಕೆ ಬಾರದು. ಅಂತರದ ಅಂಕೆ ಎಂದೂ ಒಂಟಿಯಾಗಿ ತೆರೆಯ ಮೇಲೆ ಬರದಂತೆ, ಕುದಿಬಿಂದು ಮತ್ತು ಜ್ವಲನಾಂಕದ (ಆವಿ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆಯ) ಜೊತೆಯಲ್ಲೇ ಬರುವಂತೆ ಮಾಡಿದೆ. ಹೆಕ್ಸೇನ್ ಕೇಳಿದವರಿಗೆ ಹೆಪ್ಟೇನ್ ಮೇಲಕ್ಕೆ ಬರುತ್ತದೆ. ಕುದಿಬಿಂದು 69ರಿಂದ 98 ಡಿಗ್ರಿಗೆ ಏರುತ್ತದೆ, ಆದರೆ ದೇಹದಲ್ಲಿ 2,5-ಹೆಕ್ಸೇನ್‌ಡೈಓನ್ ಆಗಿ ನರಗಳಿಗೆ ಹಾನಿ ಮಾಡುವ ಎನ್-ಹೆಕ್ಸೇನ್‌ನ ಕಾಟ ತಪ್ಪುತ್ತದೆ.

ಈ ಅಂಕೆಗಳೆಲ್ಲ ಬರುವುದು ಹೆಚ್ಚಾಗಿ ಸುರಕ್ಷತಾ ಹಾಳೆಗಳಿಂದ. ರಾಸಾಯನಿಕ ಅಪಾಯಗಳನ್ನು ವರ್ಗೀಕರಿಸುವ ಜಾಗತಿಕ ಜಿಎಚ್‌ಎಸ್ ಪದ್ಧತಿಯಲ್ಲಿ ಆ ಹಾಳೆಗೆ 16 ವಿಭಾಗಗಳು. ನನಗೆ ಬೇಕಾದದ್ದು 3ನೇ ವಿಭಾಗದ ಘಟಕಗಳು, 9ನೇ ವಿಭಾಗದ ಭೌತಿಕ ಗುಣಗಳು, 14ನೇ ವಿಭಾಗದ ಸಾಗಣೆ ಸಂಖ್ಯೆ. ವಿಶ್ವಸಂಸ್ಥೆಯ ಸಾಗಣೆ ಸಂಖ್ಯೆ ಗುಟ್ಟಾಗಿ ಸಹಾಯ ಮಾಡುತ್ತದೆ: ಅಸಿಟೋನ್ ಎಂದು ಹೆಸರಿದ್ದು ಸಾಗಣೆ ಸಂಖ್ಯೆ 1090 ಅಲ್ಲದಿದ್ದರೆ ಎಲ್ಲೋ ಸಾಲು ತಪ್ಪಿದೆ ಎಂದರ್ಥ. ಜ್ವಲನಾಂಕ ಮುಚ್ಚಿದ ಬಟ್ಟಲಿನದೋ ತೆರೆದದ್ದರದೋ ನೋಡಬೇಕು, ತೆರೆದದ್ದರಲ್ಲಿ ಸಾಮಾನ್ಯವಾಗಿ ಹೆಚ್ಚು ಬರುತ್ತದೆ. ‘ಲಭ್ಯವಿಲ್ಲ’ ಎಂದಿರುವುದನ್ನು ಸೊನ್ನೆ ಎಂದು ಓದಿಕೊಂಡರೆ ಜ್ವಲನಾಂಕವೇ 0 ಡಿಗ್ರಿಯಾಗುತ್ತದೆ; ಖಾಲಿ ಖಾಲಿಯಾಗಿಯೇ ಇರಲಿ.

ಸರ್ಫ್ಯಾಕ್ಟೆಂಟ್‌ಗಳಲ್ಲಿ (ಸಾಬೂನಿನಂತೆ ಎಣ್ಣೆ-ನೀರನ್ನು ಬೆರೆಸುವ ವಸ್ತುಗಳಲ್ಲಿ) ಟ್ರೈಟಾನ್ ಎಕ್ಸ್-100ಕ್ಕೆ ಬದಲಿ ಬೇಕೆಂಬ ಬೇಡಿಕೆ ಪದೇ ಪದೇ ಬರುತ್ತದೆ. ರಾಸಾಯನಿಕಗಳ ಕುರಿತ ಯುರೋಪಿಯನ್ ಒಕ್ಕೂಟದ ರೀಚ್ ನಿಯಮಾವಳಿಯಲ್ಲಿ, ಟ್ರೈಟಾನ್ ಎಕ್ಸ್-100 ಸೇರಿರುವ ಗುಂಪಾದ ಆಕ್ಟೈಲ್‌ಫೀನಾಲ್ ಎಥಾಕ್ಸಿಲೇಟ್‌ಗಳು ಪೂರ್ವಾನುಮತಿ ಬೇಕಾದವುಗಳ ಪಟ್ಟಿಗೆ ಸೇರಿ, 2021ರ ಜನವರಿ 4ರ ನಂತರ ಅನುಮತಿ ಅಥವಾ ವಿನಾಯಿತಿ ಇಲ್ಲದೆ ಬಳಸುವಂತಿಲ್ಲ ಎಂದಾದದ್ದು ಇದಕ್ಕೆ ಮುಖ್ಯ ಕಾರಣ. ನೀರಿನತ್ತ ಎಷ್ಟು, ಎಣ್ಣೆಯತ್ತ ಎಷ್ಟು ಒಲವು ಎಂದು ಹೇಳುವ ಎಚ್‌ಎಲ್‌ಬಿ ಅಂಕೆ ನೋಡಿದರೆ ಟ್ರೈಟಾನ್‌ನದು ಸುಮಾರು 13.5, ಟ್ವೀನ್ 20ರದು 16.7. ಎರಡೂ ಅಯಾನು ಅಲ್ಲದ ಬಗೆಯವು, ಪಟ್ಟಿಯಲ್ಲಿ ಪಕ್ಕಪಕ್ಕದಲ್ಲೇ ಇರುತ್ತವೆ. ಆದರೆ ಜೀವಕೋಶದ ಪೊರೆ ಒಡೆಯುವಲ್ಲಿ ಟ್ವೀನ್ 20 ಬಹಳ ಮೃದು. ಟ್ರೈಟಾನ್ ಮಾಡುವ ಕೆಲಸ ಅದರಿಂದ ಆಗುವುದಿಲ್ಲ. ದ್ವಿತೀಯಕ ಆಲ್ಕೊಹಾಲ್ ಎಥಾಕ್ಸಿಲೇಟ್‌ಗಳು ಹತ್ತಿರ ಬರುತ್ತವೆ. ಅವುಗಳಲ್ಲೂ ಕ್ಲೌಡ್ ಪಾಯಿಂಟ್ ಟ್ರೈಟಾನ್‌ನ ಸುಮಾರು 65 ಡಿಗ್ರಿಗಿಂತ ಬಹಳ ಕೆಳಗಿದ್ದರೆ, ಬಿಸಿ ಮಾಡುವ ಹಂತದಲ್ಲಿ ದ್ರಾವಣ ಕದಡಿ ಬೇರ್ಪಡುತ್ತದೆ. ಇಂಥ ಸಾಲುಗಳ ಮುಂದೆ ತಂತ್ರಾಂಶ ‘ಪರೀಕ್ಷಿಸಿ’ ಎಂದಷ್ಟೇ ಬರೆದು, ಯಾವ ಗುಣವನ್ನು ಪರೀಕ್ಷಿಸಬೇಕೆಂದು ಹೇಳುತ್ತದೆ.

ಒಟ್ಟು ಉತ್ತರಗಳು ನಾಲ್ಕೇ ಬಗೆ: ಅದೇ ವಸ್ತು, ಲೆಕ್ಕ ಬದಲಿಸಿ ಬಳಸಬಹುದು, ಪರೀಕ್ಷಿಸಿ, ಬೇಡ. ನಾಲ್ಕಕ್ಕೂ ಕಾರಣ ಬರೆದಿರಲೇಬೇಕು, ‘ಬೇಡ’ ಎಂಬುದಕ್ಕಂತೂ ಕಡ್ಡಾಯವಾಗಿ. ಖರೀದಿಯವರು ಹೆಚ್ಚು ಓದುವುದು ಆ ಅಂಕಣವನ್ನೇ.

ವ್ಯಾಪಾರಿ ಹೆಸರಿನ ಮಿಶ್ರಣಗಳು ಮಾತ್ರ ಈ ಜಾಲಕ್ಕೆ ಸಿಕ್ಕಿಲ್ಲ. ಅವುಗಳ ಸುರಕ್ಷತಾ ಹಾಳೆಯ 3ನೇ ವಿಭಾಗದಲ್ಲಿ ‘10–30%’ ಎಂಬಂಥ ಅಗಲವಾದ ವ್ಯಾಪ್ತಿ ಇರುತ್ತದೆ, ಅಪಾಯಕಾರಿಯಲ್ಲದ ಘಟಕಗಳ ಸುಳಿವೇ ಇರುವುದಿಲ್ಲ. ಎರಡು ಮಿಶ್ರಣಗಳ ವ್ಯಾಪ್ತಿಗಳು ಒಂದರ ಮೇಲೊಂದು ಕೂತವೆಂದು ಅವು ಒಂದೇ ಎನ್ನಲಾಗದು. ಅಂಥ ಸಾಲು ಬಂದಾಗ ಹುಡುಕಾಟ ಅಲ್ಲಿಗೇ ನಿಂತು, ಪೂರೈಕೆದಾರರಿಗೆ ಕಳುಹಿಸಬೇಕಾದ ಪ್ರಶ್ನೆಗಳು ಮುದ್ರಣವಾಗುತ್ತವೆ: ಸಕ್ರಿಯ ಅಂಶ ಎಷ್ಟು, ಯಾವುದರ ಲೆಕ್ಕದಲ್ಲಿ, ನೀರು ಎಷ್ಟು, ಪಿಎಚ್ ಎಷ್ಟು ದುರ್ಬಲಗೊಳಿಸಿ ಅಳೆದದ್ದು, ಸ್ನಿಗ್ಧತೆ ಯಾವ ಉಷ್ಣತೆಯಲ್ಲಿ. ಉತ್ತರ ಬಂದ ಮಿಶ್ರಣಗಳು ಕೋಷ್ಟಕದೊಳಕ್ಕೆ ಬರುತ್ತಿವೆ, ಉಳಿದವು ಕಾಯುವ ಪಟ್ಟಿಯಲ್ಲಿವೆ.